ನಮಗೆ 'ಅಲ್ಲಿ' ಒಂದೇ, ಅವರಿಗೆ ಇನ್, ಆನ್, ಅಟ್ ಮೂರು. ಇದು ತಲೆಗೆ ಹತ್ತೋದು ಹೇಗೆ?

ಕೆಂಪುಗೀಟು
ಎಲ್ರಿಗೂ ನಮಸ್ಕಾರ. ನಿನ್ನೆ ನಾನು ಬರೆದ ಒಂದೂವರೆ ಪುಟದ ರಿಪೋರ್ಟು ಮ್ಯಾನೇಜರ್ ಹತ್ರ ಹೋಗಿ ವಾಪಸ್ ಬಂತು, ಹದಿನಾಲ್ಕು ಕಡೆ ಕೆಂಪು ಗೀಟು. ಕೂತು ಎಣಿಸಿದೆ. ಸ್ಪೆಲಿಂಗ್ ತಪ್ಪು ಒಂದೂ ಇಲ್ಲ, ಟೆನ್ಸ್ ತಪ್ಪು ಎರಡು, ಉಳಿದ ಹನ್ನೆರಡೂ ಈ ಎರಡಕ್ಷರ ಮೂರಕ್ಷರದ ಪಿಳ್ಳೆ ಪದಗಳದ್ದು, ಪ್ರೆಪೊಸಿಷನ್ ಅಂತಾರಲ್ಲ ಅವು. ಇನ್, ಆನ್, ಅಟ್, ಬೈ, ಫಾರ್, ಸಿನ್ಸ್. ದೊಡ್ಡ ದೊಡ್ಡ ಪದ ಎಲ್ಲಾ ಸರಿ ಬರೆದು ಪಿಳ್ಳೆಗಳ ಕೈಲಿ ಒದೆ ತಿಂದಂಗಾಯ್ತು.

ಅದಾದ್ರೂ ಪರ್ವಾಗಿಲ್ಲ. ಹೋದ ವಾರ ಕ್ಲೈಂಟಿಗೆ ಒಂದು ಮೇಲ್ ಹಾಕಿದ್ದೆ, "ಐ ವಿಲ್ ವರ್ಕ್ ಆನ್ ದಿಸ್ ಅಂಟಿಲ್ ಫ್ರೈಡೇ" ಅಂತ. ನನ್ನ ಮನಸಲ್ಲಿ ಇದ್ದಿದ್ದು ಶುಕ್ರವಾರದ ಹೊತ್ತಿಗೆ ಮುಗಿಸಿ ಕೊಡ್ತೀನಿ ಅಂತ. ಅವರು ಗಾಬರಿಯಿಂದ ವಾಪಸ್ ಬರೆದ್ರು, ಶನಿವಾರದಿಂದ ಇದನ್ನ ಯಾರು ನೋಡ್ಕೋತಾರೆ, ನೀವು ಪ್ರಾಜೆಕ್ಟ್ ಬಿಟ್ಟು ಹೋಗ್ತಿದೀರಾ ಅಂತ!

ಶಾಲೇಲಿ ಹತ್ತು ವರ್ಷ ಇಂಗ್ಲಿಷ್ ಓದಿದೀನಿ. ಇದಕ್ಕೊಂದು ನಿಯಮ ಅಂತ ಇದೆಯಾ, ಇಲ್ಲಾ ಹಣೆಬರಹಾನಾ? ಕನ್ನಡದಲ್ಲಿ "ಮನೆಯಲ್ಲಿ, ಸೋಮವಾರದಲ್ಲಿ, ಟಿವಿಯಲ್ಲಿ" ಎಲ್ಲಕ್ಕೂ ಒಂದೇ ಪ್ರತ್ಯಯ ಹಾಕಿ ಆರಾಮಾಗಿದೀವಲ್ಲ, ಅವರಿಗೇನು ರೋಗ?

ತಲೆಹರಟೆ
"ಸೋಮವಾರದಲ್ಲಿ" ಅಂತ ಯಾರು ಸ್ವಾಮಿ ಹೇಳ್ತಾರೆ? ಸೋಮವಾರ ಬರ್ತೀನಿ ಅಂತೀವಿ ಅಷ್ಟೆ. ಕನ್ನಡದಲ್ಲೇ ಒಂದು ಗೀಟು ಹಾಕ್ಕೊಳಿ.

ಕೆಂಪುಗೀಟು
ಹದಿನಾಲ್ಕಕ್ಕೆ ಇನ್ನೊಂದು ಸೇರಿಸೋಕೆ ಬಂದ್ರಾ, ಬನ್ನಿ ಕೂತ್ಕೊಳಿ.

ನಿವೃತ್ತ_ಮೇಷ್ಟ್ರು
ನಿಯಮ ಇದೆ, ಆದರೆ ಅರ್ಧಕ್ಕೆ ಮಾತ್ರ. ಉಳಿದರ್ಧ ಅಭ್ಯಾಸ. ಮೊದಲು ಅರ್ಧ ನೋಡಿ.

ಇಂಗ್ಲಿಷ್‌ನವರು ಜಾಗವನ್ನ ಮೂರು ಥರ ನೋಡ್ತಾರೆ. ನಕ್ಷೆ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸೋ ಚುಕ್ಕಿ ಅಂದ್ಕೊಂಡ್ರೆ ಅಟ್. ಕೈ ಸವರಬಹುದಾದ ಮೈ, ಇಲ್ಲಾ ಉದ್ದಕ್ಕೆ ಎಳೆದ ಗೆರೆ ಅಂದ್ಕೊಂಡ್ರೆ ಆನ್. ಸುತ್ತ ಗೋಡೆ ಇರೋ ಡಬ್ಬಿ ಅಂದ್ಕೊಂಡ್ರೆ ಇನ್. ಅಟ್ ದಿ ಗೇಟ್, ಆನ್ ದಿ ವಾಲ್, ಇನ್ ದಿ ರೂಮ್. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ವಸ್ತು ಏನು ಅನ್ನೋದು ಲೆಕ್ಕಕ್ಕಿಲ್ಲ, ಆ ಕ್ಷಣದಲ್ಲಿ ಹೇಳೋನು ಅದನ್ನ ಹೇಗೆ ನೋಡ್ತಿದಾನೆ ಅನ್ನೋದೇ ಲೆಕ್ಕ. ಶಿ ಈಸ್ ಅಟ್ ದಿ ಲೈಬ್ರರಿ ಅಂದ್ರೆ ಅವಳು ಎಲ್ಲಿ ಹೋಗಿದಾಳೆ ಅನ್ನೋ ಪ್ರಶ್ನೆಗೆ ಉತ್ತರ, ಲೈಬ್ರರಿ ಬರೀ ಒಂದು ಚುಕ್ಕಿ. ಬಾಗಿಲ ಮೆಟ್ಟಿಲ ಮೇಲೆ ಕೂತಿದ್ರೂ ಅದು ಸರಿ. ಶಿ ಈಸ್ ಇನ್ ದಿ ಲೈಬ್ರರಿ ಅಂದ್ರೆ ಕಟ್ಟಡದ ಒಳಗಿದಾಳೆ. ಎರಡೂ ಸರಿ, ಎರಡೂ ಒಂದೇ ಅಲ್ಲ.

ಕಾಲಕ್ಕೂ ಇದೇ ಅಳತೆ. ಗಡಿಯಾರದ ಮುಳ್ಳು ತೋರಿಸೋ ಹೊತ್ತು ಚುಕ್ಕಿ, ಅಟ್ ಫೈವ್. ದಿನ, ತಾರೀಖು ಆನ್. ತಿಂಗಳು, ವರ್ಷ, ಶತಮಾನ ಎಲ್ಲ ಡಬ್ಬಿ: ಇನ್ ಜೂನ್, ಇನ್ 2019. ಬೆಳಿಗ್ಗೆ ಇನ್ ದಿ ಮಾರ್ನಿಂಗ್, ಆದರೆ ಸೋಮವಾರ ಬೆಳಿಗ್ಗೆ ಅಂದಕೂಡಲೇ ದಿನ ಗೆದ್ದುಬಿಡುತ್ತೆ, ಆನ್ ಮಂಡೇ ಮಾರ್ನಿಂಗ್.

ಕೋಡ್_ಕುಟ್ಟೋನು
ಮತ್ತೆ ಅಟ್ ನೈಟ್ ಯಾಕೆ ಮೇಷ್ಟ್ರೇ? ರಾತ್ರಿ ಏನು ಚುಕ್ಕಿನಾ? ಹಗಲಿಗಿಂತ ಉದ್ದ ಇರುತ್ತೆ ಎಷ್ಟೋ ಸಲ.

ನಿವೃತ್ತ_ಮೇಷ್ಟ್ರು
ನಾನು ಅರ್ಧಕ್ಕೆ ಮಾತ್ರ ಅಂತ ಮೊದಲೇ ಹೇಳಿದೀನಿ.

ಸುಮ್ನೆಕೂತವಳು
ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಬಂದ್ರೆ ಏನೂ ಹಾಕಬಾರ್ದು ಅನ್ನೋದನ್ನೂ ಹೇಳ್ಬಿಡಿ. ನಮ್ಮ ಟೀಮಲ್ಲಿ ವಾರಕ್ಕೊಂದು ಮೇಲ್ ಬರುತ್ತೆ, "ಆನ್ ನೆಕ್ಸ್ಟ್ ಮಂಡೇ" ಅಂತ. ನೆಕ್ಸ್ಟ್ ಮಂಡೇ ಅಷ್ಟೇ ಸಾಕು. ಇಲ್ಲಿ ಕನ್ನಡದಂಗೇ ಹೇಳಿದ್ರೆ ಸರಿಯಾಗುತ್ತೆ, ಮುಂದಿನ ಸೋಮವಾರ, ಹಿಂದೆ ಮುಂದೆ ಏನೂ ಇಲ್ಲ. ಕನ್ನಡ ಉಪಯೋಗಕ್ಕೆ ಬರೋ ಒಂದೇ ಜಾಗದಲ್ಲಿ ನಾವು ಇಂಗ್ಲಿಷ್ ಜಾಸ್ತಿ ಮಾಡಿಬಿಡ್ತೀವಿ.

ಕೋಡ್_ಕುಟ್ಟೋನು
ಡಬ್ಬಿ ಥಿಯರಿ ಚೆನ್ನಾಗಿದೆ, ಆದ್ರೆ ಇನ್ ದಿ ಕಾರ್, ಆನ್ ದಿ ಬಸ್. ಎರಡೂ ಡಬ್ಬಿನೇ ಅಲ್ವಾ? ಬಸ್ಸಿನ ಮೇಲೆ ಕೂತು ಪ್ರಯಾಣ ಮಾಡ್ತಾರಾ ಅವರು? ನನ್ನ ಪ್ರಕಾರ ಈ ನಿಯಮ ಗಿಯಮ ಎಲ್ಲ ಆಮೇಲೆ ಕೂತು ಕಟ್ಟಿದ ಕಥೆ. ಓದಿ ಓದಿ ಕಿವಿಗೆ ಹತ್ತಬೇಕು ಅಷ್ಟೆ.

ಅರ್ಧರಾತ್ರಿ_ಓದುಗ
ಬಸ್ಸು, ರೈಲು, ವಿಮಾನ, ಹಡಗು: ಒಳಗೆ ಎದ್ದು ನಿಂತು ಓಡಾಡಬಹುದು, ಕಾಲ ಕೆಳಗೆ ನೆಲ ಇದೆ, ಅದಕ್ಕೆ ಆನ್. ಕಾರು, ಟ್ಯಾಕ್ಸಿಯಲ್ಲಿ ಬಗ್ಗಿ ತೂರಿಕೊಂಡು ಕೂರಬೇಕು, ಅದಕ್ಕೆ ಇನ್. ಬೈಕು, ಸೈಕಲ್ಲು, ಕುದುರೆ ನಿಜಕ್ಕೂ ಮೇಲೇ ಕೂರೋದು, ಆನ್. ದೋಣಿ ಚಿಕ್ಕದಾದ್ರೆ ಇನ್ ಎ ಬೋಟ್, ಹಡಗು ಆದ್ರೆ ಆನ್ ಎ ಶಿಪ್. ಹೆಲಿಕಾಪ್ಟರ್ ಇನ್. ಇಷ್ಟು ನೆನಪಿಟ್ಟುಕೊಂಡ್ರೆ ಯಾವ ವಾಹನ ಬಂದ್ರೂ ಊಹೆ ಮಾಡ್ಬಹುದು. ಪೂರ್ತಿ ಕಥೆ ಅಲ್ಲ ಗುರು ಅದು.

ತಲೆಹರಟೆ
ಎತ್ತರ ಇರೋರು ಮಿನಿಬಸ್ಸಲ್ಲಿ ಬಗ್ಗಿ ನಿಂತ್ರೆ ಇನ್ನಾ ಆನ್ನಾ?

ಅರ್ಧರಾತ್ರಿ_ಓದುಗ
ಆಗ "ಅಯ್ಯೋ" ಅನ್ಬೇಕು.

ಅನುವಾದಕಿ
ನಾನು ಅನುವಾದ ಮಾಡಿ ಬದುಕೋಳು, ದಿನಾ ಇದೇ ಜಗಳ. ಕೆಂಪುಗೀಟು ಅವರೇ, ನೀವು 'ಅಲ್ಲಿ' ಬಗ್ಗೆ ಬೇಜಾರು ಮಾಡ್ಕೊಂಡಿದೀರ, ಆದ್ರೆ ನಿಜವಾದ ಖದೀಮ 'ಇಂದ'. ಒಂದು ದಿನ ಪಟ್ಟಿ ಮಾಡೋಕೆ ಕೂತೆ.

ಊರಿಂದ ಬಂದೆ ಅಂದ್ರೆ ಫ್ರಮ್. 2015ರಿಂದ ಇಲ್ಲಿದೀನಿ ಅಂದ್ರೆ ಸಿನ್ಸ್. ಮೂರು ವರ್ಷದಿಂದ ಇಲ್ಲಿದೀನಿ ಅಂದ್ರೆ ಫಾರ್. ಪೆನ್ನಿಂದ ಬರೆದೆ ಅಂದ್ರೆ ವಿತ್. ಅವನಿಂದ ಬರೆಯಲ್ಪಟ್ಟಿತು (ಯಾರೂ ಹಾಗೆ ಮಾತಾಡಲ್ಲ, ಪರೀಕ್ಷೆಯಲ್ಲಿ ಬರೀತಾರೆ) ಅಂದ್ರೆ ಬೈ. ಮರದಿಂದ ಮಾಡಿದ ಕುರ್ಚಿ ಅಂದ್ರೆ ಮೇಡ್ ಆಫ್ ವುಡ್, ಕುರ್ಚಿ ನೋಡಿದ್ರೆ ಮರ ಇನ್ನೂ ಕಾಣುತ್ತೆ. ಅದೇ ಮರದಿಂದ ಮಾಡಿದ ಕಾಗದ ಅಂದ್ರೆ ಮೇಡ್ ಫ್ರಮ್ ವುಡ್, ಯಾಕಂದ್ರೆ ಕಾಗದದಲ್ಲಿ ಮರ ಕಾಣಲ್ಲ, ಬೇರೆ ವಸ್ತುವೇ ಆಗಿಹೋಗಿದೆ. ಚಳಿಯಿಂದ ನಡುಗಿದೆ ಅಂದ್ರೆ ಮತ್ತೆ ವಿತ್, ಶಿವರಿಂಗ್ ವಿತ್ ಕೋಲ್ಡ್. ಜ್ವರದಿಂದ ನರಳ್ತಿದ್ದ ಅಂದ್ರೆ ಸಫರಿಂಗ್ ಫ್ರಮ್. ಒಂದು ಪ್ರತ್ಯಯಕ್ಕೆ ಅರ್ಧ ಡಜನ್ ಗಂಡಂದಿರು.

ನಿಮ್ಮ ಹನ್ನೆರಡು ಗೀಟಲ್ಲಿ ಕನಿಷ್ಠ ಎರಡು "ಸಿನ್ಸ್ ಟೂ ಇಯರ್ಸ್" ಥರದ್ದು ಇರಬೇಕು ಅಂತ ಬೆಟ್ ಕಟ್ತೀನಿ. "ಎರಡು ವರ್ಷದಿಂದ" ಅನ್ನೋ 'ಇಂದ' ನೇರವಾಗಿ ಸಿನ್ಸ್ ಆಗಿ ಇಳಿದುಬಿಡುತ್ತೆ. ನಾನು ನನಗೆ ನಾನೇ ಕೇಳ್ಕೊಳೋದು ಇಷ್ಟೇ: ನನ್ನ ಕೈಲಿರೋದು ಕ್ಯಾಲೆಂಡರಾ, ಸ್ಟಾಪ್‌ವಾಚಾ? ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಬಹುದಾದ ದಿನ ಆದ್ರೆ ಸಿನ್ಸ್. ಎಷ್ಟು ಹೊತ್ತು ಅಂತ ಅಳೆದ ಉದ್ದ ಆದ್ರೆ ಫಾರ್.

ಕೆಂಪುಗೀಟು
ಮೇಡಂ ಬೆಟ್ ಗೆದ್ರಿ. ಎರಡಲ್ಲ, ಮೂರು. "ಸಿನ್ಸ್ ಸಿಕ್ಸ್ ಮಂತ್ಸ್", "ಸಿನ್ಸ್ ಲಾಂಗ್ ಟೈಮ್", ಇನ್ನೊಂದು "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2021". ಮೂರನೇದರಲ್ಲಿ ಸಿನ್ಸ್ ಸರಿನೇ ಇದೆಯಲ್ಲ, ಯಾಕೆ ಗೀಟು?

ನಿವೃತ್ತ_ಮೇಷ್ಟ್ರು
ಅದು ಸಿನ್ಸ್‌ಗೆ ಬಿದ್ದ ಗೀಟಲ್ಲ, ಆಮ್‌ಗೆ ಬಿದ್ದದ್ದು. ಐ ಹ್ಯಾವ್ ಬೀನ್ ವರ್ಕಿಂಗ್ ಅಂತ ಆಗಬೇಕು. ಹಿಂದೆ ಶುರುವಾಗಿ ಇವತ್ತಿನವರೆಗೂ ನಡೀತಾ ಇದ್ರೆ ಕನ್ನಡದಲ್ಲಿ "ಮಾಡ್ತಾ ಇದೀನಿ" ಸಾಕು, ಅಲ್ಲಿ ಸಾಕಾಗಲ್ಲ. ನಿಮ್ಮ ಎರಡು ಟೆನ್ಸ್ ತಪ್ಪಲ್ಲಿ ಒಂದು ಇದೇ ಇರಬೇಕು, ಮತ್ತೆ ಎಣಿಸಿ.

ಜರ್ಮನ್_ಕಲಿಯುವವ
ಎರಡು ವರ್ಷದಿಂದ ಜರ್ಮನ್ ಕಲೀತಿದೀನಿ (ನೋಡಿ, ಫಾರ್!) ಅಲ್ಲಿ ಸಿಕ್ಕಿದ್ದೊಂದು ಸಮಾಧಾನ ಹಂಚಿಕೊಳ್ತೀನಿ. ಜರ್ಮನ್‌ನಲ್ಲಿ 'ಸೈಟ್' ಅಂತ ಒಂದೇ ಪದ, ಸಿನ್ಸ್‌ಗೂ ಅದೇ ಫಾರ್‌ಗೂ ಅದೇ. ಹಾಗಾಗಿ ಅವರೂ ಇಂಗ್ಲಿಷ್ ಮಾತಾಡುವಾಗ "ಸಿನ್ಸ್ ಟೂ ಇಯರ್ಸ್" ಅಂತ್ಲೇ ಎಡವ್ತಾರೆ. ಫ್ರೆಂಚಲ್ಲಿ 'ದೆಪ್ವಿ' ಕಥೆನೂ ಅದೇ. ಇನ್ನೂ ಮಜಾ ಅಂದ್ರೆ ಕೆಂಪುಗೀಟು ಅವರ ಶುಕ್ರವಾರದ ಮೇಲ್. ಜರ್ಮನ್‌ನಲ್ಲಿ 'ಬಿಸ್ ಫ್ರೈಟಾಗ್' ಅಂದ್ರೆ ಶುಕ್ರವಾರದ ತನಕವೂ ಹೌದು, ಶುಕ್ರವಾರದ ಒಳಗೂ ಹೌದು. ಅವರೂ ಬೈ ಹಾಕೋ ಕಡೆ ಅಂಟಿಲ್ ಹಾಕಿ ಇದೇ ಥರ ಬೈಸ್ಕೋತಾರೆ.

ಅಂದ್ರೆ ನಮಗೆ ಇಂಗ್ಲಿಷ್ ಬರಲ್ಲ ಅಂತ ಅಲ್ಲ, ನಮ್ಮ ಭಾಷೆ ಒಂದೇ ಪೆಟ್ಟಿಗೇಲಿ ಇಟ್ಟಿರೋದನ್ನ ಅವರು ಎರಡು ಪೆಟ್ಟಿಗೇಲಿ ಇಟ್ಟಿದಾರೆ.

ಅನುವಾದಕಿ
ಆದ್ರೆ ಬೈ, ಅಂಟಿಲ್ ವಿಷಯದಲ್ಲಿ ಕನ್ನಡಕ್ಕೆ ಆ ನೆಪ ಇಲ್ಲ! ನಮ್ಮಲ್ಲಿ 'ಒಳಗೆ' ಬೇರೆ, 'ತನಕ' ಬೇರೆ. ಶುಕ್ರವಾರದೊಳಗೆ ಮುಗಿಸ್ತೀನಿ ಅಂದ್ರೆ ಬೈ. ಶುಕ್ರವಾರದ ತನಕ ಇರ್ತೀನಿ ಅಂದ್ರೆ ಅಂಟಿಲ್. ಒಂದು ಗಡುವು, ಇನ್ನೊಂದು ಎಳೆದುಕೊಂಡು ಹೋಗೋ ಕೆಲಸ. ಕನ್ನಡದಲ್ಲಿ ಯೋಚನೆ ಮಾಡಿದ್ರೆ ಇಲ್ಲಿ ತಪ್ಪೋ ಚಾನ್ಸೇ ಇಲ್ಲ, ಕೆಂಪುಗೀಟು ಅವರು ಅರ್ಧ ಇಂಗ್ಲಿಷಲ್ಲಿ ಯೋಚನೆ ಮಾಡಿದ್ದಕ್ಕೇ ತಪ್ಪಿದ್ದು.

ಕೆಂಪುಗೀಟು
ಅಂದ್ರೆ ಕನ್ನಡದಲ್ಲಿ ಯೋಚಿಸಿದ್ರೂ ತಪ್ಪು, ಯೋಚಿಸದಿದ್ರೂ ತಪ್ಪು. ಚೆನ್ನಾಗಿದೆ.

ಬಡಗಣ_ಗಾಳಿ
ಅಲ್ರೀ, 'ಮ್ಯಾಲೆ' ಬಗ್ಗೆ ಯಾರೂ ಮಾತಾಡವಲ್ರಿ? ನಂದೊಂದು ಅನುಭವ ಹೇಳ್ತೀನಿ ಕೇಳ್ರಿ. ಕೆಲಸಕ್ಕ ಸೇರಿದ ಹೊಸದರಾಗ ನಮ್ಮ ಮೇಲಿನವರಿಗೆ ಒಂದು ಮಾತು ಅಂದೆ, "ಸರ್, ಯು ಆರ್ ಆಂಗ್ರಿ ಆನ್ ಮೀ?" ಅಂತ. ನನ್ನ ಮ್ಯಾಲೆ ಸಿಟ್ಟೇನ್ರಿ ಅಂತ ಕೇಳಿದ್ದು ನಾನು. ಅವರು ನಕ್ಕರು, ಸಿಟ್ಟು ಅಲ್ಲೇ ಇಳೀತು, ಅದೊಂದು ಲಾಭ. ಆಮ್ಯಾಲೆ ಹೇಳಿದ್ರು, ಆಂಗ್ರಿ ವಿತ್ ಮೀ ಅನ್ನಬೇಕಪಾ, ಇಲ್ಲಾ ಅಟ್ ಮೀ.

ಆವತ್ತಿಂದ ಲೆಕ್ಕ ಇಟ್ಟೀನಿ. ಅವನ ಮ್ಯಾಲೆ ಕಂಪ್ಲೇಂಟ್ ಅಂದ್ರ ಅಗೇನ್ಸ್ಟ್. ಅವನ ಮ್ಯಾಲೆ ನಂಬಿಕಿ ಅಂದ್ರ ಟ್ರಸ್ಟ್ ಇನ್. ಗಿಡದ ಮ್ಯಾಲೆ ಹಕ್ಕಿ ಕುಂತದ ಅಂದ್ರ ಎ ಬರ್ಡ್ ಇನ್ ದಿ ಟ್ರೀ, ಎಲಿ ಕೊಂಬಿ ನಡುವ ಒಳಗ ಹೊಕ್ಕು ಕುಂತಂಗ ಅವರ ಲೆಕ್ಕ. ನಾವು ಮ್ಯಾಲೆ ಅಂದಲ್ಲೆಲ್ಲಾ ಅವರು ಒಳಗ ಅಂತಾರ. ಮತ್ತ ನಾವು ಫೋನಿನ್ಯಾಗ ಮಾತಾಡಿದ್ರ ಅವರು ಆನ್ ದಿ ಫೋನ್, ನಾವು ಟಿವಿಯೊಳಗ ನೋಡಿದ್ರ ಅವರು ಆನ್ ಟಿವಿ. ಬೇಕಂತ ತಿರುಗಾಮುರುಗಾ ಮಾಡ್ಯಾರೇನೋ ಅನಸ್ತದ.

ತಲೆಹರಟೆ
ನನ್ನ ಮೇಲೆ ಸಾಲ ಇದೆ ಅನ್ನೋಕೆ ಇನ್ ಡೆಟ್. ಸಾಲದ ಒಳಗೆ ಮುಳುಗಿದೀನಿ ಅಂತ. ಇದು ಮಾತ್ರ ನಮಗಿಂತ ನಿಜ ಹೇಳ್ತಾರೆ.

ಕಡಲಮಗಳು
ನಾನು ಇಂಗ್ಲಿಷ್ ಹೇಳಿಕೊಡುದು. ನನ್ನ ಕ್ಲಾಸಿನಲ್ಲಿ ತಪ್ಪು ಇನ್ ಆನ್ ಅಟ್‌ನಲ್ಲಿ ಕಡಿಮೆ, ಬೇಡದ ಕಡೆ ತಂದು ಹಾಕುದರಲ್ಲಿ ಜಾಸ್ತಿ ಉಂಟು. ಲೆಟ್ಸ್ ಡಿಸ್ಕಸ್ ಅಬೌಟ್ ಇಟ್. ಎಂತಕ್ಕೆ ಅಬೌಟ್? ಡಿಸ್ಕಸ್ ಎಂಬ ಕ್ರಿಯಾಪದದೊಳಗೇ "ಬಗ್ಗೆ ಮಾತಾಡು" ಎಂಬುದು ಉಂಟು. ಡಿಸ್ಕಶನ್ ಅಬೌಟ್ ಅಂದರೆ ಸರಿ, ಅದು ನಾಮಪದ. ಹಾಗೇ ರಿಕ್ವೆಸ್ಟ್: ಎ ರಿಕ್ವೆಸ್ಟ್ ಫಾರ್ ಲೀವ್ ಸರಿ, ಐ ರಿಕ್ವೆಸ್ಟೆಡ್ ಫಾರ್ ಲೀವ್ ಬೇಡ. ಎಂಫಸೈಜ್ ಆನ್ ಬೇಡ, ಎಂಫಸಿಸ್ ಆನ್ ಸರಿ. ನಾಮಪದಕ್ಕೆ ಕೋಲು ಬೇಕು, ಕ್ರಿಯಾಪದ ತನ್ನ ಕಾಲ ಮೇಲೆ ನಡೀತದೆ ಅಂತ ನಾನು ಮಕ್ಕಳಿಗೆ ಹೇಳುದು. ಎಂಟರ್ಡ್ ಇನ್‌ಟು ದಿ ರೂಮ್ ಬೇಡ, ಎಂಟರ್ಡ್ ದಿ ರೂಮ್ ಸಾಕು. ಆದರೆ ಒಪ್ಪಂದಕ್ಕೆ ಎಂಟರ್ ಇನ್‌ಟು ಆ್ಯನ್ ಅಗ್ರೀಮೆಂಟ್ ಅನ್ನಲೇಬೇಕು ಮಾರಾಯ್ರೆ, ಅಲ್ಲಿ ನನ್ನ ಕೋಲಿನ ಕಥೆ ಮುರೀತದೆ.

ಇನ್ನು ಬೇಕಾದ ಕಡೆ ಬಿಡುದು. ಎಕ್ಸ್‌ಪ್ಲೇನ್ ಮೀ ಅಲ್ಲ, ಎಕ್ಸ್‌ಪ್ಲೇನ್ ಇಟ್ ಟು ಮೀ. ಲಿಸನ್ ಮೀ ಅಲ್ಲ, ಲಿಸನ್ ಟು ಮೀ. "ನನಗೆ ಹೇಳಿದ" ಇದಕ್ಕೆ ಟೋಲ್ಡ್ ಮೀ, ಟು ಬೇಡ. ಅದೇ ಸೆಡ್ ಹಾಕಿದರೆ ಸೆಡ್ ಟು ಮೀ, ಟು ಬೇಕು. ಒಂದೇ 'ನನಗೆ', ಒಂದೇ 'ಹೇಳಿದ'. ಮಕ್ಕಳು ಯಾಕೆ ಟೀಚರ್ ಅಂತ ಕೇಳಿದರೆ ನಾನು ಬೋರ್ಡ್ ಒರಸಲಿಕ್ಕೆ ಶುರು ಮಾಡ್ತೇನೆ.

ಕೋಡ್_ಕುಟ್ಟೋನು
ಇದನ್ನೇ ನಾನು ಹೇಳಿದ್ದು! ಯಾಕೆ ಅಂತ ಕೇಳಿದ್ರೆ ಬೋರ್ಡ್ ಒರಸಬೇಕಾಗುತ್ತೆ. ನಿಯಮ ಬಿಡಿ, ಪದದ ಜೊತೆ ಅಂಟಿಸಿಕೊಂಡೇ ಕಲೀರಿ. ಡಿಪೆಂಡ್ ಅಂತ ಬರ್ಕೊಬೇಡಿ, ಡಿಪೆಂಡ್ ಆನ್ ಅಂತ ಬರ್ಕೊಳಿ. ಗುಡ್ ಅಟ್, ಅಫ್ರೇಡ್ ಆಫ್, ಇಂಟರೆಸ್ಟೆಡ್ ಇನ್, ಮ್ಯಾರೀಡ್ ಟು. ಫೋನ್ ನಂಬರ್ ನೆನಪಿಟ್ಟುಕೊಳೋವಾಗ ಕೊನೇ ಅಂಕಿ ಬಿಟ್ಟು ನೆನಪಿಟ್ಕೋತೀರಾ?

ಸುಮ್ನೆಕೂತವಳು
ಈಗ ಯಾರಿಗೆ ಫೋನ್ ನಂಬರ್ ನೆನಪಿದೆ?

ನಿವೃತ್ತ_ಮೇಷ್ಟ್ರು
ಕೋಡ್ ಕುಟ್ಟೋನು ಹೇಳಿದ್ದು ಅಂಟಿಕೊಂಡ ಪದಗಳಿಗೆ ಒಪ್ಪಿದೆ. ಆದರೆ ಎಲ್ಲ ಅಂಟಿಸಿಕೊಂಡು ಕಲಿತರೆ ಅರ್ಥ ಬದಲಾಗೋ ಕಡೆ ಮೋಸ ಹೋಗ್ತೀರಿ. ಥ್ರೋ ದಿ ಬಾಲ್ ಟು ಹಿಮ್ ಅಂದ್ರೆ ಅವನು ಹಿಡೀಲಿ ಅಂತ ಎಸೆದದ್ದು. ಅಟ್ ಹಿಮ್ ಅಂದ್ರೆ ಅವನಿಗೆ ಬೀಳಲಿ ಅಂತ ಎಸೆದದ್ದು. ಶೌಟ್ ಟು ಅಂದ್ರೆ ದೂರ ಇದಾನೆ, ಕೇಳಿಸಲಿ ಅಂತ. ಶೌಟ್ ಅಟ್ ಅಂದ್ರೆ ಪಕ್ಕದಲ್ಲೇ ಇದಾನೆ, ಸಿಟ್ಟು ಬಂದಿದೆ. ಇಲ್ಲಿ ಅಟ್ ಅನ್ನೋ ಚುಕ್ಕಿ ಗುರಿ ಆಗಿದೆ. ಬಾಣ ಬಿಡುವಾಗ ಇಡೋ ಗುರಿಯ ಹಾಗೆ. ಲಾಫ್ ಅಟ್, ಪಾಯಿಂಟ್ ಅಟ್, ಸ್ಟೇರ್ ಅಟ್, ಎಲ್ಲ ಅದೇ ಬಾಣ. ಇದನ್ನ ಒಂದು ಸಲ ಕಂಡ್ರೆ ಹತ್ತು ಪದ ಬಾಯಿಪಾಠ ಉಳಿಯುತ್ತೆ.

ಆನ್ ಟೈಮ್, ಇನ್ ಟೈಮ್ ಕೂಡ ನೋಡಿ. ಒಂಬತ್ತರ ರೈಲು ಒಂಬತ್ತಕ್ಕೇ ಬಂದ್ರೆ ಆನ್ ಟೈಮ್, ಗೆರೆ ಮೇಲೇ ಕಾಲಿಟ್ಟಿತು. ಹೊರಡೋದರೊಳಗೆ ನೀವು ಓಡಿ ಬಂದು ಹತ್ತಿದ್ರೆ ಇನ್ ಟೈಮ್, ಬಾಗಿಲು ಮುಚ್ಚೋ ಮುಂಚೆ ಒಳಗೆ ನುಗ್ಗಿದಿರಿ.

ಕೋಡ್_ಕುಟ್ಟೋನು
ಬಾಣದ ಮಾತು ಚೆನ್ನಾಗಿದೆ, ಒಪ್ಕೊಂಡೆ. ಗುಡ್ ಅಟ್ ಮ್ಯಾತ್ಸ್ ಯಾವ ಬಾಣ?

ನಿವೃತ್ತ_ಮೇಷ್ಟ್ರು
ನಿಮಗೆ ಮಧ್ಯಾಹ್ನ ಕೆಲಸ ಇಲ್ವೇನ್ರಿ.

ಪದಬೇಟೆ
ತಡವಾಗಿ ಬಂದೆ, ಆದ್ರೆ ಅವರಿಗೇನು ರೋಗ ಅಂತ ಮೇಲೆ ಕೇಳಿದ್ರಲ್ಲ, ಅದಕ್ಕೆ ಉತ್ತರ ಇದೆ. ರೋಗ ಅಲ್ಲ, ಪ್ರತ್ಯಯ ಕಳಕೊಂಡಿದ್ದು.

ಸಾವಿರ ವರ್ಷದ ಹಿಂದೆ ಇಂಗ್ಲಿಷಲ್ಲೂ ನಮ್ಮಂಗೇ ವಿಭಕ್ತಿ ಪ್ರತ್ಯಯ ಇತ್ತು. ಕಲ್ಲು ಅನ್ನೋದಕ್ಕೆ 'ಸ್ಟಾನ್', ಕಲ್ಲಿನ ಅನ್ನೋಕೆ 'ಸ್ಟಾನೆಸ್', ಕಲ್ಲಿಗೆ ಅನ್ನೋಕೆ 'ಸ್ಟಾನೆ'. ಕಾಲಾಂತರದಲ್ಲಿ ಪದದ ಕೊನೆಯ ಸ್ವರಗಳು ಸವೆದು ಹೋದ್ವು, ಪ್ರತ್ಯಯಗಳ ವ್ಯತ್ಯಾಸ ಅಳಿಸಿಹೋಯ್ತು. ಆ 'ಎಸ್' ಒಂದು ಇವತ್ತಿಗೂ ಅಪಾಸ್ಟ್ರಫಿ ಹಾಕ್ಕೊಂಡು ಬದುಕಿದೆ. ಮಿಕ್ಕ ಕೆಲಸವನ್ನೆಲ್ಲ ಪದದ ಮುಂದೆ ನಿಂತಿದ್ದ ಈ ಪಿಳ್ಳೆಗಳು ಹೊತ್ಕೊಂಡ್ವು. ಒಂದೊಂದಕ್ಕೂ ನಾಲ್ಕು ಜನರ ಕೆಲಸ, ಅದಕ್ಕೇ ಇಷ್ಟು ಅರ್ಥ. ನಾವು ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಬಾಯಿಪಾಠ ಮಾಡಿದ್ದನ್ನ ಅವರು ಪದದ ಹಿಂದಿಂದ ಕಿತ್ತು ಮುಂದೆ ನೆಟ್ಟಿದಾರೆ ಅಂದ್ಕೊಳಿ, ಅಷ್ಟೇ. ಅತ್ತ ಫಿನ್ನಿಶ್ ಭಾಷೆ ನೋಡಿ, ಹದಿನೈದು ವಿಭಕ್ತಿ. ಮನೆ 'ತಾಲೋ', ಮನೆಯಲ್ಲಿ 'ತಾಲೋಸ್ಸಾ'. ಅವರನ್ನ ಕಂಡ್ರೆ ನನಗೆ ನೆಂಟರನ್ನ ಕಂಡಂಗಾಗುತ್ತೆ.

ಇನ್ನೊಂದು. ಒಂದು ಎಫ್ ಇರೋ ಆಫ್, ಎರಡು ಎಫ್ ಇರೋ ಆಫ್, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ ಅಂತ ನಗ್ತೀವಲ್ಲ. ಮೂಲದಲ್ಲಿ ಅವೆರಡೂ ಒಂದೇ ಪದ! ಒತ್ತಿ ಹೇಳಿದಾಗ ಒಂದು ರೂಪ, ಒತ್ತದೆ ಹೇಳಿದಾಗ ಇನ್ನೊಂದು ರೂಪ, ಆಮೇಲೆ ಬೇರೆ ಸಂಸಾರ ಹೂಡಿದ್ವು. ಅಂದ್ರೆ ಕನ್ನಡ ಲಿಪಿ ಗೊತ್ತಿಲ್ಲದೇನೇ ಇತಿಹಾಸ ಸರಿಯಾಗಿ ಬರೀತಿದೆ.

ಸುಮ್ನೆಕೂತವಳು
ಇದು ನಿಜಾನಾ? ನನ್ನ ಗಂಡ "ಸ್ವಿಚ್ ಆಫ್" ಅನ್ನೋದನ್ನ ಒಂದೇ ಎಫ್ ಹಾಕಿ ಬರೀತಾನೆ, ಇನ್ನು ಮೇಲೆ ಬೈಯಲ್ಲ.

ಪದಬೇಟೆ
ನಿಜ, ಆದ್ರೆ ಬೈಯೋದು ನಿಲ್ಲಿಸಬೇಡಿ. ಬೇರೆಯಾಗಿ ನೂರಾರು ವರ್ಷ ಆಯ್ತು.

ವಿತ್ ಕಥೆ ಇನ್ನೂ ಮಜಾ. ಹಳೇ ಇಂಗ್ಲಿಷಲ್ಲಿ ವಿತ್ ಅಂದ್ರೆ 'ಎದುರಿಗೆ, ವಿರುದ್ಧ'. ಜೊತೆಗೆ ಅನ್ನೋಕೆ 'ಮಿಡ್' ಅಂತ ಬೇರೆ ಪದ ಇತ್ತು, ಜರ್ಮನ್‌ನ 'ಮಿಟ್' ಅದರ ಅಣ್ಣತಮ್ಮ. ಆಮೇಲೆ ವಿತ್ ಬಂದು ಮಿಡ್‌ನ ಕುರ್ಚಿ ಕಿತ್ಕೊಂಡಿತು. ಹಳೇ ಅರ್ಥ ವಿತ್‌ಸ್ಟ್ಯಾಂಡ್ ಅನ್ನೋದರಲ್ಲಿ ಉಳಿದಿದೆ, ಎದುರಿಸಿ ನಿಲ್ಲು. ಮಿಡ್ ಪಾಪ ಮಿಡ್‌ವೈಫ್ ಅನ್ನೋ ಪದದಲ್ಲಿ ಮಾತ್ರ ಉಸಿರಾಡ್ತಿದೆ, ಹೆರಿಗೆ ಹೊತ್ತಲ್ಲಿ ಹೆಂಗಸಿನ ಜೊತೆ ಇರೋಳು.

ಅನುವಾದಕಿ
ಓಹೋ! ಫೈಟ್ ವಿತ್ ಅನ್ನೋದು ಯಾಕೆ ಯಾವಾಗಲೂ ಕಾಡುತ್ತೆ ಅಂತ ಈಗ ಗೊತ್ತಾಯ್ತು. ಹಿ ಫಾಟ್ ವಿತ್ ದಿ ಕಿಂಗ್. ರಾಜನ ಪಕ್ಷದಲ್ಲಿ ನಿಂತು ಕಾದಾಡಿದ್ನಾ, ರಾಜನ ಮೇಲೇ ಬಿದ್ನಾ? ಮುಂದಿನ ಸಾಲು ಓದದೆ ಅನುವಾದ ಮಾಡೋಕೇ ಆಗಲ್ಲ. ಕನ್ನಡದ "ಜೊತೆ ಜಗಳ" ಕೂಡ ಹಾಗೇ ಅಲ್ವಾ, ಅವನ ಜೊತೆ ಜಗಳ ಆಡಿದೆ ಅಂದ್ರೆ ಅವನ ವಿರುದ್ಧವೇ.

ಅರ್ಧರಾತ್ರಿ_ಓದುಗ
ಯಾರಾದ್ರೂ ಒಬ್ರು ಈ ಸಮಸ್ಯೆ ಬಗೆಹರಿಸಿ. ಪ್ರೆಪೊಸಿಷನ್ ವಾಕ್ಯದ ಕೊನೇಲಿ ಬರಬಾರದು ಅಂತ ನಮ್ಮ ಶಾಲೇಲಿ ಕೈ ಮೇಲೆ ಬಾರಿಸಿ ಹೇಳಿಕೊಟ್ರು. ವಾಟ್ ಆರ್ ಯು ಲುಕಿಂಗ್ ಅಟ್ ತಪ್ಪಾ?

ಕಡಲಮಗಳು
ತಪ್ಪಲ್ಲ. ಅಟ್ ವಾಟ್ ಆರ್ ಯು ಲುಕಿಂಗ್ ಅಂತ ಕೇಳಿದರೆ ಎದುರಿನವರು ನಿಮ್ಮನ್ನೇ ನೋಡ್ತಾರೆ.

ಪದಬೇಟೆ
ಅದರ ಜಾತಕ ಇದೆ ನನ್ನ ಹತ್ರ. 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಹೀಗೆ ಬರೆದಿದ್ದಾನೆ ಅಂತ ತಪ್ಪು ಹಿಡಿದ, ತನ್ನ ಹಳೇ ಬರಹಗಳಲ್ಲಿದ್ದದ್ದನ್ನೂ ತಿದ್ದಿಕೊಂಡ. ಲ್ಯಾಟಿನ್‌ನಲ್ಲಿ ಹಾಗೆ ಕೊನೆಗೆ ಬಿಡೋಕೆ ಬರಲ್ಲ, ಲ್ಯಾಟಿನ್ ಅಂದ್ರೆ ಆಗ ದೊಡ್ಡ ಗೌರವ. 1762ರಲ್ಲಿ ರಾಬರ್ಟ್ ಲೌತ್ ಅನ್ನೋ ಪಾದ್ರಿ ವ್ಯಾಕರಣ ಬರೆದು, ಗಂಭೀರ ಬರವಣಿಗೆಗೆ ಪ್ರೆಪೊಸಿಷನ್ ಮುಂದೆ ಇದ್ರೇ ಚೆಂದ ಅಂದ. ತಮಾಷೆ ಏನಂದ್ರೆ, ನಮ್ಮ ಭಾಷೆಗೆ ಈ ಕೊನೆಗೆ ಬಿಡೋ ಚಟ ಜಾಸ್ತಿ ಅಂತ ಹೇಳೋ ವಾಕ್ಯವನ್ನ ಅವನೇ 'ಟು' ಹಾಕಿ ಮುಗಿಸಿದಾನೆ. ಬೇಕಂತಲೇ ಚೇಷ್ಟೆ ಮಾಡಿದ್ದು ಅಂತ ನನ್ನ ಗುಮಾನಿ. ನಿಮ್ಮ ಕೈ ಮೇಲೆ ಬಿದ್ದ ಏಟಿನ ಮೂಲ ಇಷ್ಟು ದೂರದ್ದು.

ಅರ್ಧರಾತ್ರಿ_ಓದುಗ
1672ರ ಏಟು ನನಗ್ಯಾಕೆ ಬಿತ್ತು ಸ್ವಾಮಿ.

ಸುಮ್ನೆಕೂತವಳು
ಬಿಟ್ವೀನ್ ಇಬ್ಬರಿಗೆ, ಅಮಂಗ್ ಮೂರು ಇಲ್ಲಾ ಅದಕ್ಕಿಂತ ಜಾಸ್ತಿ ಜನಕ್ಕೆ. ಇದೂ ಬೆತ್ತದ ನಿಯಮನಾ?

ಅನುವಾದಕಿ
ಅರ್ಧ ಬೆತ್ತ. ಗುಂಪು ಗುಂಪಾಗಿ ನೋಡಿದ್ರೆ ಅಮಂಗ್, ಜನರ ನಡುವೆ ಕಳೆದುಹೋದ. ಒಬ್ಬೊಬ್ಬರನ್ನೂ ಬೇರೆ ಬೇರೆ ಗುರುತಿಸಿ ಹೇಳಿದ್ರೆ ಮೂರು ನಾಲ್ಕು ಇದ್ರೂ ಬಿಟ್ವೀನ್ ಸರಿ. ಮೂರು ದೇಶಗಳ ನಡುವಿನ ಒಪ್ಪಂದ ಅಂದ್ರೆ ಆ್ಯನ್ ಅಗ್ರೀಮೆಂಟ್ ಬಿಟ್ವೀನ್ ತ್ರೀ ಕಂಟ್ರೀಸ್. ಬಿಸೈಡ್, ಬಿಸೈಡ್ಸ್ ಮಾತ್ರ ಹುಷಾರು, ಒಂದು ಪಕ್ಕದಲ್ಲಿ, ಇನ್ನೊಂದು ಅದೂ ಅಲ್ಲದೆ. ಬಾಲದಲ್ಲಿ ಒಂದು ಎಸ್ ಇದ್ರೆ ಅರ್ಥವೇ ಬೇರೆ.

ಕೋಡ್_ಕುಟ್ಟೋನು
ಮತ್ತೆ ಯಾರ ಇಂಗ್ಲಿಷ್ ಅಂತಾನೂ ಕೇಳಬೇಕು. ನನ್ನ ಟೀಮಲ್ಲಿ ಒಬ್ಬ ಬ್ರಿಟಿಷ್, ಒಬ್ಬಳು ಅಮೆರಿಕನ್. ಅವನು ಅಟ್ ದಿ ವೀಕೆಂಡ್ ಅಂತಾನೆ, ಅವಳು ಆನ್ ದಿ ವೀಕೆಂಡ್. ಅವನು ಡಿಫರೆಂಟ್ ಟು, ಅವಳು ಡಿಫರೆಂಟ್ ದ್ಯಾನ್. ನಾನು ಇಬ್ಬರ ಹತ್ರಾನೂ ಡಿಫರೆಂಟ್ ಫ್ರಮ್ ಅಂದು ತಪ್ಪಿಸ್ಕೋತೀನಿ, ಅದನ್ನ ಇಬ್ಬರೂ ಒಪ್ತಾರೆ. ಅವಳು ಮಂಡೇ ಥ್ರೂ ಫ್ರೈಡೇ ಅಂದಾಗ ಶುಕ್ರವಾರ ಪೂರ್ತಿ ಸೇರಿತು ಅಂತ ಗೊತ್ತಾಗುತ್ತೆ, ಅವನು ಮಂಡೇ ಟು ಫ್ರೈಡೇ ಅಂದಾಗ ಒಮ್ಮೊಮ್ಮೆ "ಶುಕ್ರವಾರವೂ ಸೇರಿನಾ" ಅಂತ ಕೇಳಬೇಕು. ಅಲ್ಲಿಗೆ ಅವರಿಗೇ ಅವರದ್ದು ಸಾಕಾಗಿದೆ ಅಂತ ತಿಳ್ಕೊಳಿ.

ಬಡಗಣ_ಗಾಳಿ
ಟರ್ನ್ ಆಫ್, ಲುಕ್ ಆಫ್ಟರ್ ಇವು ಹೆಂಗ್ರಿ? ಎಲ್ಲಾ ಒಂದ ಜಾತಿ ಏನು?

ಕಡಲಮಗಳು
ಅಲ್ಲ. ಪರೀಕ್ಷೆ ಮಾಡ್ಲಿಕ್ಕೆ ಇಟ್ ಎಂಬ ಪದ ತಗೊಳ್ಳಿ. ಟರ್ನ್ ಇಟ್ ಆಫ್ ಅನ್ನಬಹುದು, ಟರ್ನ್ ಆಫ್ ಇಟ್ ಅನ್ನಲಿಕ್ಕೆ ಆಗುದಿಲ್ಲ. ಅಂದರೆ ಅಲ್ಲಿ ಆಫ್ ಕ್ರಿಯಾಪದದ ಬಾಲ, ಪ್ರೆಪೊಸಿಷನ್ ಅಲ್ಲ. ಲುಕ್ ಆಫ್ಟರ್ ಇಟ್ ಅನ್ನಬಹುದು, ಲುಕ್ ಇಟ್ ಆಫ್ಟರ್ ಆಗುದಿಲ್ಲ. ಅದು ನಿಜವಾದ ಪ್ರೆಪೊಸಿಷನ್, ತನ್ನ ಪದದ ಮುಂದೆಯೇ ನಿಲ್ಲುದು. ಇಟ್ ನಡುವೆ ತೂರಿದರೆ ಒಂದು ಜಾತಿ, ತೂರದಿದ್ದರೆ ಇನ್ನೊಂದು.

ಬಡಗಣ_ಗಾಳಿ
ಇದನ್ನ ಮದಲ ಯಾರರ ಹೇಳಿದ್ರ ಎಷ್ಟು ಛಲೋ ಇತ್ರಿ. ಬರಕೊಂಡೆ.

ಕೆಂಪುಗೀಟು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಡೌಟು: "ಎರಡು ಗಂಟೆ ಬಿಟ್ಟು ಕಾಲ್ ಮಾಡ್ತೀನಿ" ಅನ್ನೋಕೆ ಆಫ್ಟರ್ ಟೂ ಅವರ್ಸ್ ಸರಿ ತಾನೆ?

ಅನುವಾದಕಿ
ಈಗಿಂದ ಲೆಕ್ಕ ಹಾಕೋದಾದ್ರೆ ಇನ್ ಟೂ ಅವರ್ಸ್. ಎರಡು ಗಂಟೆಯೊಳಗೆ ಯಾವಾಗ ಬೇಕಾದ್ರೂ ಅಂದ್ರೆ ವಿದಿನ್. ಆಫ್ಟರ್ ಟೂ ಅವರ್ಸ್ ಕಥೆ ಹೇಳುವಾಗ ಇರಲಿ, ಎರಡು ಗಂಟೆ ಆದ್ಮೇಲೆ ಅವನು ಬಂದ ಅಂತ.

ಕೆಂಪುಗೀಟು
ಸರಿ. ಇದೆಲ್ಲ ಓದಿ ಕ್ಲೈಂಟಿಗೆ ಹೊಸ ಮೇಲ್ ಬರೆದೆ, ನೋಡಿ ಹೇಳಿ: "ಐ ಹ್ಯಾವ್ ಬೀನ್ ವರ್ಕಿಂಗ್ ಆನ್ ದಿಸ್ ಫಾರ್ ಟೂ ವೀಕ್ಸ್ ಅಂಡ್ ವಿಲ್ ಫಿನಿಶ್ ಇಟ್ ಬೈ ಫ್ರೈಡೇ. ವಿ ಕ್ಯಾನ್ ಡಿಸ್ಕಸ್ ಇಟ್ ನೆಕ್ಸ್ಟ್ ಮಂಡೇ ಅಟ್ ಇಲೆವೆನ್. ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು."

ಡಿಸ್ಕಸ್ ಮುಂದೆ ಅಬೌಟ್ ಇಲ್ಲ ನೋಡಿ ಟೀಚರ್!

ಕಡಲಮಗಳು
ಅಬೌಟ್ ಇಲ್ಲದ್ದು ಕಂಡಿತು, ಶಹಬ್ಬಾಸ್. ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು ಆಗಬೇಕಿತ್ತು. ಆ ಟು ಕ್ರಿಯಾಪದದ ಮುಂದೆ ಬರುವ ಟು ಅಲ್ಲ, ಪ್ರೆಪೊಸಿಷನ್. ಟು ಯುವರ್ ವಿಸಿಟ್ ಅಂತ ನಾಮಪದ ಹಾಕಲಿಕ್ಕೆ ಆಗ್ತದಲ್ಲ, ಹಾಗೆ ಆದರೆ ಅಲ್ಲಿ ಐಎನ್‌ಜಿ ಬರ್ತದೆ.

ನಿವೃತ್ತ_ಮೇಷ್ಟ್ರು
ಮಿಕ್ಕಿದ್ದೆಲ್ಲ ಸರಿ ಇದೆ. ತಿದ್ದಿ ಕಳಿಸಿ.

ಕೆಂಪುಗೀಟು
ಕಳಿಸಿ ಇಪ್ಪತ್ತು ನಿಮಿಷ ಆಯ್ತು ಮೇಷ್ಟ್ರೇ. ಮ್ಯಾನೇಜರ್‌ಗೆ ಸಿಸಿ ಹಾಕಿದೀನಿ.

ತಲೆಹರಟೆ
ಹದಿನೈದು.